ತಿದ್ದಿದ ಕಣ್ಣು

ನಮ್ಮ ಶಾಲೆಯ ಮಕ್ಕಳು ಅವರನ್ನು ಗದ್ದದಣ್ಣ ಎಂದು ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ತರಗತಿಯ ಫೋಟೋ ತೆಗೆಯಲು ಬರುತ್ತಿದ್ದ ಸ್ಟುಡಿಯೋದ ಮಾಲೀಕರು ಅವರು. ಬೆಂಚಿನ ಮೇಲೆ ನಿಂತವರಿಗೂ ನೆಲದ ಮೇಲೆ ಕಾಲು ಮಡಚಿ ಕುಳಿತವರಿಗೂ ಅವರು ಹೇಳುತ್ತಿದ್ದುದು ಒಂದೇ ಮಾತು: "ಗದ್ದ ಮೇಲಕ್ಕೆ! ಗದ್ದ ಎತ್ತಿದರೆ ಮರ್ಯಾದೆ ತಾನಾಗಿ ಬರುತ್ತೆ."

ಒಂದು ಸಲ ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರ್ ಸಾಹೇಬರಿಗೂ ಅದನ್ನೇ ಹೇಳಿಬಿಟ್ಟರು. ಸಾಹೇಬರು ದಢೂತಿ ಆಳು, ಗದ್ದದ ಕೆಳಗೆ ಇನ್ನೊಂದು ಗದ್ದ. ಅವರು ಗಂಭೀರವಾಗಿ, "ಯಾವುದನ್ನು ಎತ್ತಬೇಕಪ್ಪ?" ಎಂದು ಕೇಳಿದರು. "ಮೇಲಿನದು ಸಾಕು ಸಾರ್, ಕೆಳಗಿನದು ಹಿಂದೇನೇ ಬರುತ್ತೆ" ಎಂದರು ಗದ್ದದಣ್ಣ. ಆ ಫೋಟೋದಲ್ಲಿ ಇಡೀ ಶಾಲೆ ನಗುತ್ತಿದೆ, ಸಾಹೇಬರೂ ಸೇರಿ.

ಅವರ ಸ್ಟುಡಿಯೋ ಒಂದು ಇಕ್ಕಟ್ಟಾದ ಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಮುಂದೆ ಗಾಜಿನ ಕಪಾಟಿನಲ್ಲಿ ಊರವರ ಮುಖಗಳು. ಒಳಗೆ ಮೆಟ್ಟಿಲು, ಮೋಡಗಳನ್ನು ಬರೆದ ಪರದೆ. ಅದರ ಹಿಂದೆ ಕೆಂಪು ಬಲ್ಬು ಉರಿಯುವ ಕತ್ತಲೆ ಕೋಣೆ. ಕಿಟಕಿಯ ಬಳಿಯ ಮೇಜಿನ ಮೇಲೆ ಚೂಪು ಪೆನ್ಸಿಲುಗಳು, ಕೂದಲೆಳೆಯಂಥ ಕುಂಚಗಳು, ಒಂದು ಭೂತಗನ್ನಡಿ. ಟಚಿಂಗ್ ಮಾಡುವುದರಲ್ಲಿ ಅವರದು ಎತ್ತಿದ ಕೈ. ಮೊಡವೆ ಅಳಿಸುವರು, ಮುರಿದ ಹಲ್ಲು ತುಂಬುವರು, ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡುವರು. ಫೋಟೋ ಕೈಗೆ ಬಂದಾಗ ಜನ ತಮ್ಮನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದರು.

"ಇದು ಸುಳ್ಳಲ್ಲವೇನಣ್ಣ?" ಎಂದು ನಾನೊಮ್ಮೆ ಕೆಣಕಿದೆ.

"ಸುಳ್ಳೆಲ್ಲಿ ಬಂತು ಮೇಷ್ಟ್ರೇ? ದೇವರು ಅವಸರದಲ್ಲಿ ಅರ್ಧ ಬಿಟ್ಟಿದ್ದನ್ನು ನಾನು ಕೂತು ಮುಗಿಸ್ತೀನಿ, ಅಷ್ಟೇ."

ಅವರ ಜೊತೆಗೆ ಕೆಲಸ ಮಾಡುತ್ತಿದ್ದವನು ಅವರ ಹೆಂಡತಿಯ ತಮ್ಮ. ತಂದೆ ತೀರಿದ ಮೇಲೆ ಅಕ್ಕನ ಮನೆಗೆ ಬಂದು ಸೇರಿ, ಅಲ್ಲಿಯೇ ದೊಡ್ಡವನಾದವನು. ಮಾತು ಕಡಿಮೆ, ಕೈ ಬಲು ನಯ. ಕ್ಯಾಮೆರಾಕ್ಕೆ ರೀಲು ಹಾಕುವುದು, ದೀಪಗಳನ್ನು ಹಿಡಿಯುವುದು, ಮೆತ್ತನೆಯ ಬಟ್ಟೆಯಿಂದ ಲೆನ್ಸ್ ಒರೆಸುವುದು ಅವನ ಪಾಲಿನ ಕೆಲಸ. ಫೋಕಸ್ ಮಾತ್ರ ಭಾವನದು. "ಅದನ್ನು ಮಾತ್ರ ಕೇಳಬೇಡ ಕಣೋ" ಎಂದು ಗದ್ದದಣ್ಣ ಎಲ್ಲರ ಮುಂದೆಯೇ ಹೇಳುತ್ತಿದ್ದರು. "ಕಣ್ಣು ಸಾಲ ಕೊಡೋಕಾಗಲ್ಲ."

ನಮ್ಮ ದೊಡ್ಡ ಮೇಷ್ಟ್ರು ನಿವೃತ್ತರಾದ ವರ್ಷ ಅದು. ಶಾಲೆಗೆ ನೆರಳಿನಂತಿದ್ದ ಮನುಷ್ಯ. ಅವರನ್ನು ನಡುವೆ ಕೂರಿಸಿ, ಮೇಷ್ಟ್ರುಗಳು, ಗುಮಾಸ್ತರು, ಗಂಟೆ ಹೊಡೆಯುವವನು, ಎಲ್ಲರೂ ಇಟ್ಟಿಗೆ ಗೋಡೆಯ ಮುಂದೆ ನಿಂತೆವು. ಆ ದಿನ ಗದ್ದದಣ್ಣ ತಮ್ಮ ಗದ್ದವನ್ನೇ ಮೇಲೆತ್ತಿಕೊಂಡು, ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿಕೊಂಡು ನಮ್ಮನ್ನು ನೋಡುತ್ತಿದ್ದರು. ಅಣಕ ಮಾಡುತ್ತಿದ್ದಾರೆ ಎಂದುಕೊಂಡು ನಾವು ನಕ್ಕೆವು. "ಇವತ್ತು ನಿಮ್ಮದೇ ಮೇಲಿದೆಯಲ್ಲಣ್ಣ!" ಎಂದು ಯಾರೋ ಕೂಗಿದರು. ಅವರೂ ನಕ್ಕರು.

ಫೋಟೋ ಕೈ ಸೇರುವ ಮೊದಲೇ ದೊಡ್ಡ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು.

ಆಮೇಲೆ ಬಂದ ಫೋಟೋದಲ್ಲಿ ನಮ್ಮೆಲ್ಲರ ಮುಖಗಳು ಆವಿ ಹಿಡಿದ ಕನ್ನಡಿಯಲ್ಲಿ ಕಂಡಂತೆ ಮಸುಕಾಗಿದ್ದವು. ದೊಡ್ಡ ಮೇಷ್ಟ್ರ ಕನ್ನಡಕ ಎರಡು ಬಿಳಿ ಚುಕ್ಕೆಗಳಾಗಿತ್ತು. ಹಿಂದಿನ ಗೋಡೆ ಪೂರ್ತಿ ಕಪ್ಪು. ದುಃಖಕ್ಕೆಂದು ಹಾಗೆ ಮಾಡಿರಬೇಕು ಎಂದುಕೊಂಡೆವು. ಇನ್ನೊಮ್ಮೆ ತೆಗೆಯೋಣ ಎನ್ನಲು ದೊಡ್ಡ ಮೇಷ್ಟ್ರೇ ಇರಲಿಲ್ಲ.

ಶಿಕ್ಷಕರ ಕೋಣೆಯಲ್ಲಿ ಫೋಟೋವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಗದ್ದದಣ್ಣ ಮೈದುನನ ಕಡೆಗೆ ತಿರುಗಿ ಹೇಳಿದರು: "ಲೆನ್ಸ್ ಒರೆಸಿದ್ದು ಇವನು. ಬೆರಳಿನ ಜಿಡ್ಡು ಬಿಟ್ಟಿದ್ದಾನೆ. ಇಷ್ಟು ವರ್ಷ ಹೇಳಿಕೊಟ್ಟಿದ್ದು ನೀರಲ್ಲಿ ಹೋಮ."

ಆ ಹುಡುಗ ತನ್ನ ಬೆರಳುಗಳನ್ನು ನೋಡಿಕೊಂಡ. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ ನೋಡಿದ. "ಇರಬಹುದು ಸಾರ್" ಎಂದ ನಮಗೆ. ತಪ್ಪು ತನ್ನದೇ ಎಂದು ನಿಜವಾಗಿಯೂ ನಂಬಿಬಿಟ್ಟನಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮನೆಯಲ್ಲಿ ಅಕ್ಕನೂ ಬಿಡಲಿಲ್ಲವಂತೆ. "ನಿನ್ನಿಂದ ನಮ್ಮೆಜಮಾನ್ರು ಊರೆಲ್ಲ ತಲೆ ತಗ್ಗಿಸೋ ಹಾಗಾಯ್ತು. ಆ ಕೈಗೇನು ಬಂದಿತ್ತೋ!" ಅವನು ಸ್ಟುಡಿಯೋ ಬಿಟ್ಟು, ಕಿಟಕಿಗೂ ಚೌಕಟ್ಟಿಗೂ ಗಾಜು ಕೊಯ್ದು ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಕ್ಕನ ಮನೆಯ ಕಡೆ ತಲೆ ಹಾಕುವುದನ್ನೂ ಬಿಟ್ಟ.

ನಿಜ ಸಂಗತಿ ಬೇರೆಯೇ ಇತ್ತು. ಅದನ್ನು ನಮಗೆ ಗದ್ದದಣ್ಣ ತಾವೇ ಹೇಳಿದ್ದು ಎರಡು ವರ್ಷಗಳ ನಂತರ. ಆ ಫೋಟೋ ತೆಗೆಯುವ ಕೆಲವು ವಾರಗಳ ಮುಂಚಿನಿಂದಲೇ ಅವರ ಬಲಗಣ್ಣಿನ ಹಿಂದೆ ಒಳಗೆ ಎಲ್ಲೋ ಮೊಳೆ ಹೊಡೆದಂತೆ ನೋವು. ಎದುರಿನ ಒಂದು ದೀಪ ಎರಡಾಗಿ ಕಾಣುವುದು. ಕಣ್ಣುಗುಡ್ಡೆ ಮೂಗಿನ ಕಡೆಗೆ ಸರಿಯುತ್ತಿತ್ತು, ರೆಪ್ಪೆ ಇಳಿಯುತ್ತಿತ್ತು. ಒಂದು ಕಣ್ಣು ಮುಚ್ಚಿದರೆ ಎರಡಾಗಿದ್ದುದು ಒಂದಾಗುತ್ತಿತ್ತು. ಬೇರೆ ಯಾರಾದರೂ ಹಗಲೆಲ್ಲ ಒಂದು ಕಣ್ಣು ಮುಚ್ಚಿಕೊಂಡಿದ್ದರೆ ಮನೆಯವರು ಏನಾಯಿತೆಂದು ಕೇಳುತ್ತಿದ್ದರು. ಅವರದು ಕಸುಬೇ ಅದು; ಹೆಂಡತಿಗೂ ಅನುಮಾನ ಬರಲಿಲ್ಲ.

ಆ ದಿನ ಅವರು ಗದ್ದ ಎತ್ತಿ ಮುಖ ಹೊರಳಿಸಿದ್ದು ಅಣಕಕ್ಕಲ್ಲ, ಇಳಿದ ರೆಪ್ಪೆಯ ಅಡಿಯಿಂದ ಎರಡಾದುದನ್ನು ಒಂದಾಗಿಸಿ ನೋಡಲು; ಬಲಗಣ್ಣಿಗೆ ಮಂಜು ಕವಿದಂತಾಗಿತ್ತು. ಎಡಗಣ್ಣಿನಿಂದ ನೋಡಬಹುದಿತ್ತು. ಆದರೆ ಇಷ್ಟು ವರ್ಷ ಬಲಗಣ್ಣು ಇಟ್ಟ ಕಡೆ ಎಲ್ಲರೆದುರು ಎಡಗಣ್ಣು ಇಡಲು ನಾಚಿಕೆಯಾಗಿ, ಅಂದಾಜಿನ ಮೇಲೆ ಫೋಕಸ್ ಮಾಡಿ ಒತ್ತಿಬಿಟ್ಟರು. ಕತ್ತಲೆ ಕೋಣೆಯಲ್ಲಿ ನೆಗೆಟಿವ್ ತೊಳೆದು, ಭೂತಗನ್ನಡಿ ಹಿಡಿದು, ಎಡಗಣ್ಣಿನಿಂದ ನೋಡಿದರು. ಮುಖಗಳೆಲ್ಲ ಮಸುಕು, ಹಿಂದಿನ ಗೋಡೆಯ ಒಂದೊಂದು ಇಟ್ಟಿಗೆಯೂ ಕೊರೆದಿಟ್ಟಂತೆ ಸ್ಪಷ್ಟ. ಲೆನ್ಸಿನ ಮೇಲೆ ಜಿಡ್ಡಿದ್ದಿದ್ದರೆ ಎಲ್ಲವೂ ಮಸುಕಾಗಬೇಕಿತ್ತು. ಇಟ್ಟಿಗೆ ಚೊಕ್ಕವಾಗಿ ಬಂದಿದೆ ಎಂದರೆ ತಪ್ಪು ಫೋಕಸ್ಸಿನದು, ಎಂದರೆ ಭಾವನದು. ಪಕ್ಕದಲ್ಲಿ ನಿಂತು ದುಡಿದ ಮೈದುನನಿಗೆ ಆ ಗೋಡೆಯನ್ನು ಒಂದು ಸಲ ನೋಡಿದ್ದರೆ ಸಾಕಿತ್ತು.

ಫೋಟೋ ಕಾಗದದ ಮೇಲೆ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪಾಗುತ್ತದೆ; ಅದಕ್ಕೇ ಪ್ರಿಂಟ್ ಹಾಕುವಾಗ ಗೋಡೆಗೆ ಹೆಚ್ಚು ಬೆಳಕು ಕೊಟ್ಟು ಅದನ್ನು ಕಪ್ಪು ಮಾಡಿದರು. ನಾವು ದುಃಖದ ಗುರುತೆಂದು ತಿಳಿದದ್ದು ಅದನ್ನೇ.

ಪಕ್ಕದ ಔಷಧಿ ಅಂಗಡಿಯವನು ದಮ್ಮಿನವರಿಗೆ, ಮೈ ಊದಿದವರಿಗೆ ಕೊಡುತ್ತಿದ್ದ ಪುಟ್ಟ ಬಿಳಿ ಮಾತ್ರೆಯನ್ನು ಅವರಿಗೂ ಕೊಟ್ಟ. "ಎರಡು ದಿನ ತಗೊಳ್ಳಿ ಸಾರ್, ಊತ ಗೀತ ಇದ್ರೆ ಇಳಿದು ಹೋಗುತ್ತೆ." ಪವಾಡದಂತೆ ಇಳಿಯಿತು. ರೆಪ್ಪೆ ಎದ್ದಿತು, ಕಣ್ಣು ನೆಟ್ಟಗಾಯಿತು. ಮಾತ್ರೆ ಬಿಟ್ಟ ಕೆಲವು ದಿನಗಳಿಗೆ ಮತ್ತೆ ಅದೇ ಮೊಳೆ, ಅದೇ ಎರಡು ದೀಪ. ಹೀಗೆ ಬಂದಾಗಲೆಲ್ಲ ನುಂಗುತ್ತ, ಹೋದಾಗ ಬಿಡುತ್ತ ಕಾಲ ತಳ್ಳಿದರು. ಹೆಂಡತಿಯ ಜೊತೆ ತೆಗೆಸಿಕೊಂಡ ಫೋಟೋಗಳಲ್ಲಿ ತಮ್ಮ ಬಲಗಣ್ಣನ್ನು ತಾವೇ ಕುಂಚದಿಂದ ತಿದ್ದಿಕೊಂಡರು. ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದು ನಾನು ಕೇಳಿದ್ದೆ. "ಹೋದರೆ ಮೊದಲು ಕೇಳೋದೇ ಯಾವಾಗಿನಿಂದ ಅಂತ, ಮೇಷ್ಟ್ರೇ. ಆ ದಿನದಿಂದ ಅಂದ ಕೂಡಲೇ ನನ್ನ ಹೆಂಡತಿಗೆ ಎಲ್ಲ ಗೊತ್ತಾಗ್ತಿತ್ತು."

ಕೊನೆಗೆ ಅವರನ್ನು ಹಿಡಿದುಕೊಟ್ಟಿದ್ದು ಕ್ಷೌರದ ಬ್ಲೇಡು. ಒಂದು ಬೆಳಗ್ಗೆ ಗಡ್ಡ ಕೆರೆದುಕೊಂಡು ಒರೆಸಿಕೊಳ್ಳುತ್ತ ಹೊರಗೆ ಬಂದರೆ, ಹೆಂಡತಿ ಕೈಯಲ್ಲಿದ್ದ ಪಾತ್ರೆ ಬಿಟ್ಟು ಕೂಗಿಕೊಂಡರು. ಬಲಗೆನ್ನೆ ಸೀಳಿ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ಅವರಿಗೆ ಅದು ತಿಳಿದೇ ಇರಲಿಲ್ಲ. ಆ ಕೆನ್ನೆ ಮರಗಟ್ಟಿಹೋಗಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಅಲ್ಲಿಯ ಡಾಕ್ಟರಮ್ಮ ನಡುವಯಸ್ಸಿನವರು, ನೇರ ಮಾತಿನವರು. ಗೋಡೆಯ ದೀಪದ ಮುಂದೆ ಸ್ಕ್ಯಾನಿನ ಹಾಳೆ ಸಿಕ್ಕಿಸಿ ತೋರಿಸಿದರು. "ತಲೆಬುರುಡೆಯ ತಳ ಇದು. ಮಿದುಳು ಕೂತಿರೋ ಪೀಠ ಅಂತ ಇಟ್ಕೊಳ್ಳಿ. ಇದರಲ್ಲಿ ಸಣ್ಣ ಸಣ್ಣ ಕಿಂಡಿಗಳಿವೆ. ನೋಟದ ನರ, ಕಣ್ಣು ತಿರುಗಿಸೋ ನರ, ಕೆನ್ನೆಗೆ ಹೋಗೋ ನರ ಎಲ್ಲ ಈ ಕಿಂಡಿಗಳಲ್ಲಿ ತೂರಿ ಬರಬೇಕು. ನಿಮಗೆ ಅಲ್ಲೇ ಗಡ್ಡೆ ಕೂತಿದೆ. ಯಾವಾಗಿನಿಂದ ತೊಂದರೆ?"

ಹೆಂಡತಿ ಪಕ್ಕದ ಕುರ್ಚಿಯಲ್ಲಿದ್ದರು. "ಒಂದು ತಿಂಗಳಿಂದ" ಎಂದರು ಗದ್ದದಣ್ಣ.

"ಏನಾದರೂ ಮಾತ್ರೆ ತಗೊಂಡಿದ್ರಾ?"

"ಏನೂ ಇಲ್ಲ."

"ಹಳೇ ಫೋಟೋಗಳಿದ್ರೆ ತನ್ನಿ. ರೆಪ್ಪೆ ಯಾವಾಗ ಇಳಿಯೋಕೆ ಶುರುವಾಯ್ತು ಅಂತ ಫೋಟೋ ಸರಿಯಾಗಿ ಹೇಳುತ್ತೆ. ಮನುಷ್ಯರು ಮರೀತಾರೆ."

ಹೆಂಡತಿ ಹೆಮ್ಮೆಯಿಂದ, "ಫೋಟೋಗೇನು ಬರ ಡಾಕ್ಟರೇ, ಇವರೇ ಫೋಟೋಗ್ರಾಫರ್ರು!" ಎಂದು ಮರುದಿನವೇ ಒಂದು ಚೀಲ ತಂದುಕೊಟ್ಟರು. ಡಾಕ್ಟರಮ್ಮ ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದರು. ಎಲ್ಲದರಲ್ಲೂ ಎರಡು ಕಣ್ಣೂ ಹೂವಿನ ಹಾಗೆ ಅರಳಿದ್ದವು. ಮೂರು ತಿಂಗಳ ಹಿಂದಿನ ಫೋಟೋದಲ್ಲೂ. ಅವರ ಹುಬ್ಬು ಗಂಟಿಕ್ಕಿತು. "ಇಷ್ಟು ಬೇಗ ಇಷ್ಟು ಬೆಳೆದಿದ್ರೆ ಒಳ್ಳೇ ಜಾತಿ ಅಲ್ಲ" ಎಂದರು.

ಮೂಗಿನ ಒಳಗಿನಿಂದ ಸಲಕರಣೆ ತೂರಿಸಿ ಗಡ್ಡೆಯ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಆ ದಿನ ಬೆಳಗ್ಗೆಯೂ ಗದ್ದದಣ್ಣ, ನರ್ಸಮ್ಮನ ಮುಂದೆ ರೆಪ್ಪೆ ಜೋತು ಬೀಳಬಾರದೆಂದು, ಕಿಸೆಯ ಮಾತ್ರೆ ನುಂಗಿಕೊಂಡೇ ಹೋಗಿದ್ದರು. ಪರೀಕ್ಷೆಯಲ್ಲಿ ಹೌದು ಎನ್ನುವಂಥದ್ದೂ ಸಿಗಲಿಲ್ಲ, ಅಲ್ಲ ಎನ್ನುವಂಥದ್ದೂ ಸಿಗಲಿಲ್ಲ.

"ಹಾಗಾದರೆ ತಲೆ ತೆರೆದು ದೊಡ್ಡ ಚೂರು ತೆಗೀಬೇಕು" ಎಂದರು ಡಾಕ್ಟರಮ್ಮ. "ಕ್ಯಾನ್ಸರ್ ಆಗಿದ್ರೆ ಪೂರ್ತಿ ಕೆತ್ತಿ ಹಾಕಬೇಕಾಗುತ್ತೆ. ಬಲಗಣ್ಣು ಉಳಿಯುತ್ತೆ ಅಂತ ಹೇಳಲಾರೆ. ಕಾಯೋ ಹಾಗಿಲ್ಲ, ಗಡ್ಡೆ ಓಡೋ ಹಾಗೆ ಬೆಳೀತಾ ಇದೆ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮೇಜಿನ ಮೇಲೆ ಫೋಟೋಗಳು ಹರಡಿಕೊಂಡಿದ್ದವು. ತಾವೇ ಬರೆದ ಆ ಕಣ್ಣುಗಳು ತಮ್ಮನ್ನೇ ನೋಡುತ್ತಿದ್ದವು ಎಂದು ಗದ್ದದಣ್ಣ ಹೇಳುತ್ತಿದ್ದರು. ಅವರು ಅಂಗಿಯ ಕಿಸೆಗೆ ಕೈ ಹಾಕಿ, ಮಾತ್ರೆಯ ಪಟ್ಟಿಯನ್ನು ತೆಗೆದು ಆ ಫೋಟೋಗಳ ಮೇಲಿಟ್ಟರು.

"ಇದನ್ನು ನುಂಗ್ತಿದ್ದೆ. ಇವತ್ತೂ ನುಂಗಿದ್ದೀನಿ."

ಡಾಕ್ಟರಮ್ಮ ಪಟ್ಟಿಯನ್ನು ಎತ್ತಿ ಹೆಸರು ಓದಿದರು. "ಯಾವಾಗಿನಿಂದ?"

"ಎರಡು ವರ್ಷದಿಂದ. ತಗೊಂಡ್ರೆ ಸರಿ ಹೋಗುತ್ತೆ, ಬಿಟ್ರೆ ಬರುತ್ತೆ."

"ಮತ್ತೆ ಈ ಫೋಟೋಗಳು?"

"ಕಣ್ಣು ನಾನೇ ಬರ್ದಿದ್ದು."

ಹೆಂಡತಿಯ ಅಳು ನಿಂತಿತು. ಗದ್ದದಣ್ಣ ಅವರ ಕಡೆ ತಿರುಗಲಿಲ್ಲ, ಡಾಕ್ಟರಮ್ಮನನ್ನೇ ನೋಡುತ್ತ, ಒಂದೇ ಉಸಿರಿಗೆ ಹೇಳಿದರು: "ಶಾಲೆಯ ದೊಡ್ಡ ಮೇಷ್ಟ್ರ ಫೋಟೋ ತೆಗೆದಾಗಲೇ ನನಗೆ ಕಣ್ಣು ಕಾಣ್ತಿರಲಿಲ್ಲ. ಕೆಡಿಸಿದ್ದು ನಾನು. ಇವಳ ತಮ್ಮ ಅಲ್ಲ."

ಡಾಕ್ಟರಮ್ಮನಿಗೆ ಯಾವ ಮೇಷ್ಟ್ರು, ಯಾವ ತಮ್ಮ ಎಂಬುದೊಂದೂ ತಿಳಿಯಲಿಲ್ಲ. ಆದರೆ ರೋಗದ ಬಗ್ಗೆ ತಿಳಿಯಬೇಕಾದಷ್ಟು ತಿಳಿದಿತ್ತು. ಸಿಟ್ಟಿನಿಂದ ಅವರ ಕಿವಿ ಕೆಂಪಾಯಿತು. "ಏನ್ರೀ ನೀವು! ಈ ಸ್ಟೆರಾಯ್ಡ್ ಮಾತ್ರೆ ತಗೊಂಡು ಬಂದ್ರೆ ಗಡ್ಡೆ ಮುಖ ಮರೆಸಿಕೊಳ್ಳುತ್ತೆ. ಪರೀಕ್ಷೆಗೆ ಸಿಗೋದೇ ಇಲ್ಲ. ಕಣ್ಣಿಗೆ ಮಾತ್ರ ಅಲ್ಲ, ಗಡ್ಡೆಗೂ ಟಚಿಂಗ್ ಮಾಡಿ ತಂದುಕೊಟ್ಟಿದ್ದೀರಿ ನನಗೆ." ಆಮೇಲೆ ಸ್ವಲ್ಪ ತಣ್ಣಗಾಗಿ, ಸ್ಕ್ಯಾನಿನ ಕಡೆ ಮತ್ತೆ ನೋಡಿದರು. "ಎರಡು ವರ್ಷದಿಂದ ಇದೆ, ಈ ಮಾತ್ರೆಗೆ ಕುಗ್ಗುತ್ತೆ, ಬಿಟ್ರೆ ಬೆಳೆಯುತ್ತೆ... ಕ್ಯಾನ್ಸರ್ ಅಲ್ಲದೇ ಇರಬಹುದು. ಈಗ್ಲೇ ಆಸೆ ಇಟ್ಕೋಬೇಡಿ. ತಲೆ ತೆರೆಯೋದು ಸದ್ಯಕ್ಕೆ ಬೇಡ."

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಗಂಡ ಹೆಂಡತಿ ಒಂದು ಬೆಂಚಿನ ಮೇಲೆ ಕುಳಿತರು. ಹೆಂಡತಿ ಕೇಳಿದರು: "ಕಣ್ಣು ಹೋದ್ರೂ ಹೋಗಲಿ, ಮರ್ಯಾದೆ ಉಳಿದ್ರೆ ಸಾಕು ಅಂತಿದ್ರಾ?"

"ಹೂಂ."

"ನಾನು ಅವನ ಕೈಯನ್ನು ಬೈದೆ ಕಣ್ರೀ. ನಾನೇ ಹಿಡಿದು ಬೆಳೆಸಿದ ಕೈ."

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಅವರ ಕೈ ಹಿಡಿದು ರಸ್ತೆ ದಾಟಿಸಿದರು; ಆಚೆ ಬದಿ ಸೇರಿದ ಕೂಡಲೇ ಬಿಟ್ಟರು.

ಅವರನ್ನು ಆಸ್ಪತ್ರೆಗೆ ಸೇರಿಸಿಕೊಂಡು, ಕಣ್ಣೆದುರಿಗಿಟ್ಟುಕೊಂಡು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ನೋವು ತಿರುಗಿ ಬಂತು, ರೆಪ್ಪೆ ಪೂರ್ತಿ ಮುಚ್ಚಿತು. ಆಗ ಮತ್ತೊಮ್ಮೆ ಮೂಗಿನಿಂದ ಚೂರು ತೆಗೆದರು. ಈ ಸಲ ಗಡ್ಡೆ ತನ್ನ ನಿಜವಾದ ಮುಖವನ್ನು ತೋರಿಸಿತು. ಅದು ಕ್ಯಾನ್ಸರ್ ಅಲ್ಲ, ಸೋಂಕೂ ಅಲ್ಲ. ಬಹಳ ಅಪರೂಪದ ಉರಿಯೂತದ ಗಡ್ಡೆ. "ದೇಹದ ಕಾವಲು ಪಡೆ ಶತ್ರು ಇಲ್ಲದ ಜಾಗದಲ್ಲಿ ಹೋಗಿ ಬಿಡಾರ ಹೂಡಿದೆ" ಎಂದು ಡಾಕ್ಟರಮ್ಮ ವಿವರಿಸಿದರು. "ಯಾಕೆ ಅಂತ ನಮಗೂ ಗೊತ್ತಿಲ್ಲ. ಈಗ ಅದನ್ನು ಉಪಾಯವಾಗಿ ಎಬ್ಬಿಸಿ ಕಳಿಸಬೇಕು." ಮೊದಲು ಆ ಬಿಳಿ ಮಾತ್ರೆಯನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತ ಬರುವುದು, ಗಡ್ಡೆ ಮತ್ತೆ ಏಳದಂತೆ ಜೊತೆಗೆ ಇನ್ನೊಂದು ಔಷಧಿ.

"ಅದೇ ಮಾತ್ರೆನಾ?" ಎಂದರು ಹೆಂಡತಿ, ನಂಬಲಾರದೆ.

"ಅದೇ. ಆದರೆ ಕದ್ದು ಅಲ್ಲ."

ಆ ಮಾತ್ರೆಯಿಂದ ಗದ್ದದಣ್ಣನ ಮುಖ ಊದಿ ಗುಂಡಗಾಯಿತು. ಕೆನ್ನೆ ಗದ್ದ ಕತ್ತು ಎಲ್ಲ ಒಂದಾಯಿತು. ಎಷ್ಟು ತಿಂದರೂ ಹಸಿವು. ಆ ಮುಖ ಹೊತ್ತುಕೊಂಡೇ ಅವರು ಗಾಜಿನ ಅಂಗಡಿಗೆ ಹೋದರು. ಮೈದುನ ಮೇಜಿನ ಮೇಲೆ ಗಾಜು ಹಾಸಿ, ಪಟ್ಟಿ ಇಟ್ಟು ಗೀರು ಎಳೆಯುತ್ತಿದ್ದ. ಎರಡೂ ಕೈಗಳಿಗೆ ಬಿಳಿಯ ಬಟ್ಟೆಯ ಗವಸು.

"ಬಾಗಿಲಲ್ಲಿ ನಿಲ್ಲಬೇಡಿ, ಬೆಳಕು ಅಡ್ಡ ಬರುತ್ತೆ" ಎಂದು ತಲೆಯೆತ್ತಿದವನಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಭಾವ?"

"ಯಾರಪ್ಪಾ ಡಾಕ್ಟ್ರೇ, ನಿಮ್ಮ ಪೇಶೆಂಟಾ?" ಎಂದು ಒಳಗಿನಿಂದ ಯಾರೋ ಹಾಸ್ಯ ಮಾಡಿದರು. ಗವಸಿನಿಂದಾಗಿ ಅಂಗಡಿಯವರು ಅವನಿಗಿಟ್ಟ ಹೆಸರು ಅದು. ಬರಿಗೈಯಲ್ಲಿ ಗಾಜು ಮುಟ್ಟಿದರೆ ಜಿಡ್ಡು ಹತ್ತುತ್ತದೆಂದು ಅವನು ಎರಡು ವರ್ಷದಿಂದ ಗವಸು ಬಿಚ್ಚಿರಲಿಲ್ಲ.

ಗದ್ದದಣ್ಣ ನಿಂತಲ್ಲಿಯೇ ಹೇಳಿದರು. ಕಣ್ಣು, ನೆಗೆಟಿವ್, ಎಲ್ಲ.

"ಗೋಡೆ?" ಎಂದು ಕೇಳಿದ ಮೈದುನ.

"ಒಂದೊಂದು ಇಟ್ಟಿಗೇನೂ ಎಣಿಸೋ ಹಾಗಿತ್ತು. ಅದಕ್ಕೇ ಕಪ್ಪು ಮಾಡಿದೆ."

ಅವನು ಕೈಯಲ್ಲಿದ್ದ ಗಾಜು ಕೊಯ್ಯುವ ಕಡ್ಡಿಯನ್ನು ಮೇಜಿನ ಮೇಲಿಟ್ಟ. ಗವಸು ತೆಗೆದು ಬೆರಳುಗಳನ್ನು ಒಮ್ಮೆ ನೋಡಿಕೊಂಡ. ಮತ್ತೆ ಹಾಕಿಕೊಂಡ. "ನೀವು ಹೋಗಿ ಭಾವ" ಎಂದ. "ಈ ಗಾಜು ಇವತ್ತೇ ಕೊಡಬೇಕು. ಕೈ ನಡುಗಿದ್ರೆ ಒಡೆಯುತ್ತೆ."

ಶಾಲೆಗೂ ಅವರು ಬಂದರು. ಶಿಕ್ಷಕರ ಕೋಣೆಯಲ್ಲಿ ಆ ಮಸುಕು ಫೋಟೋ ತೂಗುತ್ತಲೇ ಇತ್ತು. ದೊಡ್ಡ ಮೇಷ್ಟ್ರ ಜೊತೆ ನಾವೆಲ್ಲ ಇದ್ದ ಕಡೆಯ ಫೋಟೋ ಅದೊಂದೇ. ಮೈದುನ ನಿಂತಿದ್ದ ಜಾಗದಲ್ಲಿಯೇ ನಿಂತು, ಈಗ ನಾನು ಬರೆದುದನ್ನೆಲ್ಲ ಹೇಳಿದರು. ಊದಿದ ಮುಖ ಬೆವರುತ್ತಿತ್ತು. ಹೇಳಿ ಮುಗಿಸಿ, "ಅದನ್ನು ಇಳಿಸಿಬಿಡಿ" ಎಂದು ಕೇಳಿಕೊಂಡರು. ನಾವು ಇಳಿಸಲಿಲ್ಲ. ದೊಡ್ಡ ಮೇಷ್ಟ್ರನ್ನು ಗೋಡೆಯಿಂದ ಇಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಗದ್ದದಣ್ಣನಿಗೆ ಅದೇ ದೊಡ್ಡ ಶಿಕ್ಷೆಯಾಯಿತೇನೋ. ಆಮೇಲೆ ಆ ಕೋಣೆಗೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿಯೇ ಕುಳಿತುಕೊಳ್ಳುತ್ತಿದ್ದರು.

ಗಡ್ಡೆ ಕುಗ್ಗಿತು. ಕಣ್ಣು ನೆಟ್ಟಗಾಯಿತು, ಕೆನ್ನೆಗೆ ಸ್ಪರ್ಶ ಮರಳಿತು. ಬಲಗಣ್ಣಿನ ಮಂಜು ಮಾತ್ರ ಪೂರ್ತಿ ಹೋಗಲಿಲ್ಲ. ನರ ಬಹಳ ಕಾಲ ಒತ್ತಡದಲ್ಲಿತ್ತು, ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದರಂತೆ ಡಾಕ್ಟರಮ್ಮ. ಪ್ರತಿ ಸಲ ತೋರಿಸಲು ಹೋಗುವಾಗ ಒಂದು ಹೊಸ ಫೋಟೋ ತರಬೇಕೆಂದು ಅವರು ಕಟ್ಟಪ್ಪಣೆ ಮಾಡಿದ್ದರು, ಟಚಿಂಗ್ ಇಲ್ಲದ್ದು. ಅದನ್ನು ಯಾರು ತೆಗೆಯಬೇಕು? ಅಕ್ಕ ತಾನೇ ಗಾಜಿನ ಅಂಗಡಿಗೆ ಹೋಗಿ, ತಮ್ಮನ ಮುಂದೆ ನಿಂತು, "ನನ್ನ ಮುಖ ನೋಡಿ ಬರಬೇಡ ಕಣೋ. ಬೈದವಳು ನಾನು. ಡಾಕ್ಟರಮ್ಮ ಕೇಳಿದ್ದಾರೆ, ಅದಕ್ಕಾದರೂ ಬಾ" ಎಂದರಂತೆ. ಅವನು ಬಂದ. ಮೊದಲ ಸಲ ಟೀ ಕುಡಿಯದೆ ಹೋದ. ಮುಂದಿನ ಸಲ ಟೀ ಕುಡಿದ. "ಭಾವ, ಗದ್ದ ಎಲ್ಲಿದೆ, ಹುಡುಕಿ ಎತ್ತಿ" ಎಂದೂ ಹೇಳಿದನಂತೆ.

ಸ್ಟುಡಿಯೋ ಕೆಲಸಕ್ಕೆ ಮಾತ್ರ ಅವನು ತಿರುಗಿ ಬರಲಿಲ್ಲ. ಆದರೆ ಆ ವರ್ಷ ಮಕ್ಕಳ ಫೋಟೋ ತೆಗೆಯುವ ದಿನ ಅರ್ಧ ದಿನ ರಜೆ ಹಾಕಿ ಭಾವನ ಹಿಂದೆ ನಮ್ಮ ಶಾಲೆಗೆ ಬಂದ. ಅದೇ ಇಟ್ಟಿಗೆ ಗೋಡೆ. ಮಕ್ಕಳು ಸಾಲಾಗಿ ನಿಂತರು, ಮೇಷ್ಟ್ರುಗಳು ಕುಳಿತೆವು. ಗದ್ದದಣ್ಣ ಎಡಗಣ್ಣಿಟ್ಟು ಫೋಕಸ್ ಮಾಡಿದರು. ಒತ್ತಲಿಲ್ಲ. ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ಸರಿದು, ಹಿಂದಿನ ಬೆಂಚಿನವರಿಗೂ ಕೇಳಿಸುವ ಹಾಗೆ ಹೇಳಿದರು: "ಒಂದ್ಸಲ ನೀನು ನೋಡಪ್ಪ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ."

ಮೈದುನ ಗವಸು ಹಾಕಿರಲಿಲ್ಲ. ಬಗ್ಗಿ ನೋಡಿದ. ಲೆನ್ಸಿನ ಉಂಗುರವನ್ನು ಒಂದಿಷ್ಟು ತಿರುಗಿಸಿದ. "ಸ್ವಲ್ಪ ಹಿಂದಿತ್ತು ಭಾವ" ಎಂದ, ಅಷ್ಟೇ ಜೋರಾಗಿ.

ಮಕ್ಕಳು ಕಿಸಕ್ಕೆಂದು ನಕ್ಕರು. ಗದ್ದದಣ್ಣ ತಲೆ ತಗ್ಗಿಸಿದರು. ಆ ದಿನ ಅವರ ಬಾಯಿಂದ ಆ ಮಾತು ಬರಲಿಲ್ಲ. "ಗದ್ದ ಮೇಲಕ್ಕೆ!" ಎಂದು ಕೂಗಿದವನು ಮೈದುನ.

ಫೋಟೋ ಬಂತು. ಮಕ್ಕಳ ಅಂಗಿಯ ಗುಂಡಿಗಳು ಸಹ ಸ್ಪಷ್ಟವಾಗಿವೆ. ಹಿಂದೆ ಗೋಡೆ ಇದ್ದ ಹಾಗೆಯೇ ಇದೆ, ಕಪ್ಪು ಮಾಡಿಲ್ಲ. ಇಟ್ಟಿಗೆಗಳು ಮಾತ್ರ ಒಂದಿಷ್ಟು ಮಸುಕು.